ಕೈರೋದಿಂದ ಕರಾಚಿಗೆ ಎಷ್ಟು ಸೇರು?

ನಮ್ಮ ಸೋದರತ್ತೆ ಪಿರಿಯಾಪಟ್ಟಣದ ತನ್ನ ಮನೆಯಲ್ಲಿ ಕೂತಲ್ಲೇ ಕೂತು ಹುಣಸೂರನ್ನು ಹತ್ತಿರಕ್ಕೆ ಎಳೆಯಬಲ್ಲಳು, ಮನಸ್ಸು ಬಂದರೆ ದೂರಕ್ಕೆ ತಳ್ಳಬಲ್ಲಳು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೂ ಮೊದಲು ನಂಬಿರಲಿಲ್ಲ.

ಅತ್ತೆಗೆ ಮೈಲಿ, ಹರದಾರಿ ಯಾವುದೂ ಲೆಕ್ಕಕ್ಕಿಲ್ಲ. ದಾರಿ ಸಾಗುವಷ್ಟು ಹೊತ್ತಿನಲ್ಲಿ ತಾನು ಬೀಸುಕಲ್ಲಿನಲ್ಲಿ ಎಷ್ಟು ಸೇರು ರಾಗಿ ಬೀಸಬಲ್ಲೆ ಅನ್ನುವುದೇ ಅವಳಿಗೆ ದೂರ. ಗಾಡಿಯಲ್ಲಿ ಹುಣಸೂರು ಹತ್ತು ಸೇರು. ಮೋಟಾರು ಬಂದ ಮೇಲೆ ಎರಡೇ ಸೇರು. ಹುಣಸೂರು ಹತ್ತಿರಕ್ಕೆ ಬಂತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ, ಬಸ್ಸಿಗೆ ಇದ್ದಿಲು ತುಂಬುವ ಕಾಲ ಬಂತು ನೋಡಿ, ಒಂದು ದಿನ ಬಸ್ಸು ದಾರಿಯಲ್ಲೇ ಕೆಮ್ಮಿ ನಿಂತಿತು. ಅತ್ತೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅವತ್ತು ಹುಣಸೂರು ಹದಿನೈದು ಸೇರು ದೂರ ಹೋಗಿತ್ತು! ಊರು ಎಲ್ಲಾದರೂ ಓಡಾಡುತ್ತದೆಯೇ, ಮೈಲಿಗಲ್ಲು ನೋಡು ಅಂತ ನಾನು ವಾದಕ್ಕಿಳಿದೆ. ಆಗಷ್ಟೇ ಶಾಲೆಯ ಮೇಷ್ಟ್ರಾಗಿದ್ದೆ, ಹೇಳದೆ ಇರಲಾದೀತೇ?

"ಕಲ್ಲು ಕೂತಿದ್ ಕಡೆ ಕೂತಿರ್ತದೆ. ಅದ್ಕೇನ್ ಗೊತ್ತು ದಾರಿ ನಡೆಯೋರ್ ಕಷ್ಟ?" ಅಂದಳು.

ಅವಳ ಒಬ್ಬನೇ ಮಗ, ನನ್ನ ಭಾವ, ಸೈನ್ಯದಲ್ಲಿ ಲಾರಿ ಓಡಿಸಲು ಹೋಗಿದ್ದ. ಒಂದು ದಿನ ಕೈರೋದ ಆಸ್ಪತ್ರೆಯಿಂದ ಕಾಗದ ಬಂತು. ಓದಿ ಹೇಳಿದವನು ನಾನೇ. ಕಾಲಿಗೆ ಬಲವಾದ ಪೆಟ್ಟಾಗಿದೆ, ಬರುವ ಸೋಮವಾರ ವಿಮಾನದಲ್ಲಿ ಕರಾಚಿಗೆ ಕಳಿಸುತ್ತಾರೆ ಅಂತಿತ್ತು. ಅತ್ತೆ ಅಳಲಿಲ್ಲ. ಕರಾಚಿ ಎಷ್ಟು ಸೇರು ಅಂತ ಕೇಳಿದಳು!

ಶಾಲೆಯಿಂದ ಭೂಪಟ ತಂದು ದಾರ ಹಿಡಿದು ಅಳೆದೆ. ಎರಡು ಸಾವಿರ ಮೈಲಿಗೂ ಮೇಲೆ. ನಡುವೆ ಒಂದು ಕಡೆ ಇಳಿದು ತಂಗಿದರೂ ಎರಡು ಹಗಲಿನ ಹಾರಾಟ. ನಮ್ಮ ಎತ್ತಿನ ಗಾಡಿಯಲ್ಲಾದರೆ ನಾಲ್ಕು ತಿಂಗಳು, ಅದೂ ಸಮುದ್ರ ದಾರಿ ಬಿಟ್ಟರೆ! ಅತ್ತೆಯ ಲೆಕ್ಕದಲ್ಲಿ ಹಗಲಿಗೆ ಹದಿನೈದರಂತೆ ಮೂವತ್ತು ಸೇರು. ಅವಳು ಮೂಗಿನ ಮೇಲೆ ಬೆರಳಿಟ್ಟಳು. ಅಷ್ಟಗಲದ ಮರಳುಗಾಡು, ಅಷ್ಟು ನೀರು, ಎಲ್ಲ ಸೇರಿ ಗಾಡಿ ಲೆಕ್ಕದ ಬರೀ ಮೂರು ಹುಣಸೂರು! ನಿಜ ಹೇಳುತ್ತೇನೆ, ಭೂಗೋಳದ ಪಾಠ ಮಾಡುವ ನನಗೂ ಆ ಲೆಕ್ಕ ಕೇಳಿ ಮೈ ಜುಮ್ಮೆಂದಿತು.

ಆಮೇಲೆ ಕಾಗದದ ತಾರೀಖು ಕಣ್ಣಿಗೆ ಬಿತ್ತು. ಹಡಗಿನಲ್ಲಿ ಬಂದ ಕಾಗದ, ಬರೆದು ತಿಂಗಳಾಗಿತ್ತು. ಆ ಸೋಮವಾರ ಎಂದೋ ಕಳೆದಿತ್ತು. ಭಾವ ಕರಾಚಿ ತಲುಪಿ ಮೂರು ವಾರವಾದರೂ ಆಗಿರಬೇಕು ಅಂತ ಮೆಲ್ಲಗೆ ಹೇಳಿದೆ.

ಅತ್ತೆ ಎದ್ದು, ರಾಗಿ ಮೊಗೆದು ತಂದು ಕಲ್ಲಿನ ಮುಂದೆ ಕೂತಳು. ಮುಗಿದುಹೋದ ದಾರಿಗೆ ಈಗ ಯಾಕೆ ಬೀಸುವುದು ಅಂತ ಕೇಳಿದೆ.

"ನೋವು ತಿನ್ಕಂಡು ಅಷ್ಟು ದೂರ ಒಬ್ನೇ ಬಂದವ್ನೆ ಕಣಪ್ಪ. ಅವತ್ತು ನಂಗೆ ಗೊತ್ತೇ ಇರ್ನಿಲ್ಲ. ಆಯಾಗಿ ಉಂಡು ಮಲ್ಗಿದ್ದೆ."

ಎರಡು ಹಗಲು ಬೀಸಿದಳು. ಗಂಡಸು ಬೀಸುಕಲ್ಲು ಮುಟ್ಟಿದರೆ ಇಡೀ ಪಿರಿಯಾಪಟ್ಟಣ ನಗುತ್ತದೆ. ನಗಲಿ ಅಂತ ನಾನೂ ಎದುರಿಗೆ ಕೂತು ಗೂಟ ಹಿಡಿದೆ. ಎರಡನೆಯ ದಿನ ಸಂಜೆ ಮೂವತ್ತನೆಯ ಸೇರು ಮುಗಿದಾಗ ಅತ್ತೆ ಕಲ್ಲು ನಿಲ್ಲಿಸಿ, ಹಿಟ್ಟು ಮೆತ್ತಿದ ಕೈಯನ್ನು ನನ್ನ ಕೈ ಮೇಲಿಟ್ಟಳು.

"ಇಳ್ದ ಕಣಪ್ಪ" ಅಂದಳು. ಆಗ ಅತ್ತಳು.