ಬಡಿದರೂ ಓಗೊಡದ ಕರಿ ಗಾಡಿ

ಗಾಡಿಗೆ ಬಣ್ಣ ಬಿಟ್ಟು ರಬ್ಬರು ಹೊಡೆಸಿದರೆ ಏನೇನು ಆಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಗುತ್ತಿದ್ದೆ. ಈಗ ನಾನು ಹೇಳುತ್ತೇನೆ, ಊರವರು ನಗುತ್ತಾರೆ. ಹೊಡೆಸಿದಂದಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ.

ಯಾರು ಹೋದರು?

ನನ್ನದು ಬೆಲ್ಲ ಸಾಗಿಸುವ ಪಿಕಪ್ಪು. ಕೆ.ಆರ್.ಪೇಟೆ ಕಡೆಯ ಅಕ್ಕಿಹೆಬ್ಬಾಳಿನ ಹತ್ತಿರ ಒಂದು ಆಲೆಮನೆಯಲ್ಲಿ ತುಂಬಿಕೊಂಡು, ನಮ್ಮೂರು ಹಾದು, ಪಾಂಡವಪುರಕ್ಕೆ ಹೋಗುತ್ತೇನೆ. ಎಷ್ಟು ಸಲ ಬಣ್ಣ ಬಳಿಸಿದರೂ ಗದ್ದೆದಾರಿಯ ಜಾಲಿಮುಳ್ಳು ಕೆರೆದು ಹಾಕುತ್ತಿತ್ತು. ಶ್ರೀರಂಗಪಟ್ಟಣದ ಶೆಡ್ಡೊಂದರಲ್ಲಿ ಗಾಡಿಯ ತೊಟ್ಟಿಯೊಳಗೆ ರಬ್ಬರಿನಂಥ ಕರಿ ಲೇಪ ಸ್ಪ್ರೇ ಮಾಡುತ್ತಿದ್ದರು. ಮೊಳೆಯಲ್ಲಿ ಗೀಚಿದರೂ ಗೀರು ಬೀಳದು.

"ಒಳಗೂ ಹೊಡೀರಿ, ಹೊರಗೂ ಹೊಡೀರಿ" ಎಂದೆ.

"ಹೊರಗಾ? ಆಮೇಲೆ ಬೇಡ ಅಂದ್ರೆ ತಗಡು ಕಿತ್ಕಂಡ್ ಬತ್ತದೆ, ಇದು ಬರಾಕಿಲ್ಲ" ಎಂದು ಶೆಡ್ಡಿನವನು ಎಚ್ಚರಿಸಿದ. ನಾನು ಕೇಳಬೇಕಲ್ಲ!

ಗಾಡಿ ಹೊರಬಂದಾಗ ನನಗೇ ಒಂಥರಾ ಆಯಿತು. ಹೊಳಪೇ ಇಲ್ಲ. ಬಿಸಿಲು ಅದರ ಮೇಲೆ ಬಿದ್ದು ಅಲ್ಲೇ ಇಂಗಿಹೋಗುತ್ತಿತ್ತು. ಬಾಗಿಲ ಮುಂದೆ ನಿಂತು ಕ್ರಾಪು ತೀಡಿಕೊಳ್ಳೋಣವೆಂದರೆ ನನ್ನ ಮುಖವೇ ಅದರಲ್ಲಿ ಕಾಣಲಿಲ್ಲ.

ನಮ್ಮೂರ ಅರಳಿಕಟ್ಟೆಯ ಮೇಲೆ ಒಬ್ಬ ತಾತ ಕೂತಿರುತ್ತಾನೆ. ನನ್ನ ಗಾಡಿ ಕಂಡೊಡನೆ ಎದ್ದು, ಚಪ್ಪಲಿ ಬಿಟ್ಟು, ಕೈಮುಗಿಯತೊಡಗಿದ. ದಿನಾ ಹೀಗೇ. ನನಗೆ ಕೊಡುವ ಮರ್ಯಾದೆ ಎಂದು ಉಬ್ಬಿಹೋಗಿದ್ದೆ. ಒಂದು ದಿನ ತಾತನೇ ಗಾಡಿ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ:

"ಲೇ ಮಗ, ಕೆ.ಆರ್.ಪೇಟೆ ಕಡೆ ಇನ್ನೂ ಯಾರಾದ್ರೂ ಉಳ್ಕಂಡವ್ರೇನ್ಲಾ?"

"ಅಯ್ಯೋ, ಇದು ಹೆಣದ ಗಾಡಿ ಅಲ್ಲ ತಾತ. ಒಳಗಿರೋದು ಬೆಲ್ಲ!"

"ನೀನು ಅಂಗೇ ಯೋಳ್ಬೇಕು ಕಣಪ್ಪ" ಎಂದು ನನ್ನ ಬೆನ್ನು ಸವರಿದ.

ಒಣಗಿದರೆ ಬರುವ ಕೈಗಳು

ಆಲೆಮನೆಯಲ್ಲಿ ಗಾಡಿಯ ಮೈಗೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು ಎಂದರ್ಥ. ರಬ್ಬರು ಹೊಡೆಸಿದ ಮೇಲೆ ಬಡಿದ ಸದ್ದು ಗಾಡಿಯೊಳಕ್ಕೇ ಹೋಗಿ ಸಾಯುತ್ತಿತ್ತು. ಒಮ್ಮೆ ರಿವರ್ಸ್ ಬರುತ್ತಿದ್ದೆ. ಕಬ್ಬಿನ ಹಾಲಿಗೆ ಹಾಕಲು ಸುಣ್ಣ ಕಲಸುತ್ತಿದ್ದ ಆಳು ಓಡಿಬಂದು ಹಸಿ ಕೈಯಲ್ಲೇ ಪಟಪಟ ಬಡಿದಿದ್ದಾನೆ. ನನಗೆ ಕೇಳಿದ್ದು ಆಲೆಮನೆಯ ಕಂಬ ಮುರಿದ ಸದ್ದು ಮಾತ್ರ.

ಅಲ್ಲೇ ಬಕೆಟ್ಟು ನೀರು ಹೊಯ್ದು ಸುಣ್ಣ ತೊಳೆದೆ, ಗಾಡಿ ಮೊದಲಿನಂತೆ ಕರ್‍ರಗಾಯಿತು. ಬಿಸಿಲಿಗೆ ಒಣಗಿದ್ದೇ ತಡ, ಬಿಳಿ ಅಂಗೈಗಳು ಒಂದೊಂದಾಗಿ ಮೂಡಿಬಂದವು. ಮತ್ತೆ ತೊಳೆದೆ, ಮಾಯ. ಮತ್ತೆ ಒಣಗಿತು, ಹಾಜರು. ಸುಣ್ಣ ನೆನೆದಾಗ ಕಾಣದು, ಒಣಗಿದರೆ ಬೆಳ್ಳಗಾಗುತ್ತದೆ. ಲೇಪದ ತರಿಯಲ್ಲಿ ಅದು ಕಚ್ಚಿಕೊಂಡಿತ್ತು, ಅಷ್ಟೇ. ಆದರೆ ಆಳುಗಳು ದೂರ ಸರಿದು ನಿಂತರು. "ಒಳ್ಗಿರೋರು ಬಡೀತಾವ್ರೆ" ಎಂದ ಒಬ್ಬ.

ಆಲೆಮನೆಯ ಗೌಡರು ಬಂದರು. "ಜನ ನಿನ್ ಗಾಡಿ ಮುಟ್ತಿಲ್ಲ. ಬಣ್ಣ ಬಳಿಸ್ಕಂಡ್ ಬಾ, ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕತೀನಿ."

ಶೆಡ್ಡಿನವನ ಮಾತು ನೆನಪಾಯಿತು. ನನಗಿದ್ದದ್ದು ಅದೊಂದೇ ಬಾಡಿಗೆ. "ಗೌಡ್ರೇ, ಇದು ಬರೀ ಸುಣ್ಣ. ನೆನೆದಿದ್ರೆ ಕಾಣಲ್ಲ, ಒಣಗಿದ್ರೆ ಮಾತ್ರ..."

"ಅಂಗಾದ್ರೆ ಒಣಗ್ದಂಗೆ ನೋಡ್ಕಳ್ಲಾ!"

ಆಮೇಲೆ ಕೆಲವು ದಿನ, ಊರಿಗೊಂದು ಸಲ ಗಾಡಿ ನಿಲ್ಲಿಸಿ ಎಮ್ಮೆಗೆ ಹೊಯ್ದಂತೆ ಅದಕ್ಕೆ ನೀರು ಹೊಯ್ದೆ.

ರೈಟ್

ಅದೂ ಸಾಗಲಿಲ್ಲ. ಒಂದು ಸಂಜೆ ಪಾಂಡವಪುರದಿಂದ ಸುಣ್ಣದ ಮೂಟೆ ತಂದಾಗ ಗೌಡರು, "ಇದೇ ಕೊನೆ. ಇಳಿಸ್ಬುಟ್ಟು ಓಗು" ಎಂದರು. ಇಳಿಸಲು ಒಬ್ಬ ಆಳೂ ಹತ್ತಲಿಲ್ಲ. ಗೌಡರಿಗೆ ರೇಗಿ, ತಾವೇ ಟಾರ್ಪಾಲಿನೊಳಗೆ ನುಗ್ಗಿದರು. "ಯಾರವ್ರೋ ಇಲ್ಲಿ? ನೋಡ್ರೋ, ಎಲ್ಲಾ ರೈಟ್!"

ಬಡಿದರೆ ಕೇಳದು ಎಂದು, ಹೊರಡಬೇಕಾದಾಗ 'ರೈಟ್' ಅಂತ ಕೂಗಲು ನಾನೇ ಹೇಳಿಕೊಟ್ಟಿದ್ದೆ. ಸೀಟಿನಲ್ಲಿ ತಲೆ ಕೆಳಗೆ ಹಾಕಿ ಕೂತಿದ್ದವನಿಗೆ ಅದೊಂದು ಮಾತು ಕಿವಿಗೆ ಬಿತ್ತು, ಇಳಿಸಿ ಆಯಿತೆಂದುಕೊಂಡು ಹೊರಟೆ. ಗೌಡರನ್ನು ಗಾಡಿ ಎತ್ತಿಕೊಂಡು ಹೋದದ್ದು ನೋಡಿ ಆಳುಗಳು ಕೈಮುಗಿದು ನಿಂತರಂತೆ.

ನಮ್ಮೂರು ಸೇರುವಾಗ ಮಬ್ಬುಗತ್ತಲು. ಅರಳಿಕಟ್ಟೆಯ ತಾತ ಎಂದಿನಂತೆ ಕೈಮುಗಿದ. ಮುಗಿದ ಕೈಗಳು ಸಡಿಲಿ ಕೆಳಗಿಳಿದವು, ತೆರೆದ ಬಾಯಿ ಮುಚ್ಚಲಿಲ್ಲ. ಕನ್ನಡಿ ನೋಡಿದೆ. ಟಾರ್ಪಾಲಿನ ಸಂದಿಯಿಂದ ಒಂದು ಬಿಳಿ ಕೈ ಹೊರಬಂದು ಆಡುತ್ತಿತ್ತು.

ಬ್ರೇಕು ಹೇಗೆ ಒತ್ತಿದೆನೋ ಗೊತ್ತಿಲ್ಲ. ಹಿಂದಿನಿಂದ ಅಡಿಯಿಂದ ಮುಡಿಯವರೆಗೆ ಬೆಳ್ಳಗಿದ್ದ ಒಂದು ಆಕೃತಿ ಕೆಮ್ಮುತ್ತಾ ಇಳಿಯಿತು. ರಸ್ತೆಯ ಹಂಪಿನ ಮೇಲೆ ಗಾಡಿ ಎಗರಿ ಸುಣ್ಣದ ಮೂಟೆ ಒಡೆದಿತ್ತು. ದಾರಿಯುದ್ದಕ್ಕೂ ಬಡಿದು ಬಡಿದು ಸೋತಿದ್ದ ಗೌಡರು ನನ್ನ ಕಡೆ ಕೈ ಎತ್ತಿಕೊಂಡು ಬಂದರು.

ಅಷ್ಟರಲ್ಲಿ ತಾತ ನಡುವೆ ಬಂದು ಅವರ ಕಾಲು ಹಿಡಿದುಕೊಂಡ. "ಸ್ವಾಮಿ, ವಾಪಸ್ ಕಳ್ಸುದ್ರಾ ನಿಮ್ಮುನ್ನ? ಅಲ್ಲಿ ನಮ್ ಮನೇವ್ಳು ಕಂಡ್ಲಾ?"

ಗೌಡರ ಎತ್ತಿದ ಕೈ ಅಲ್ಲೇ ನಿಂತಿತು. ಬಗ್ಗಿ ತಾತನನ್ನು ಎತ್ತಿ ನಿಲ್ಲಿಸಿದರು.

"ಕಂಡ್ಲು ತಾತ. ಚೆನ್ನಾಗವ್ಳೆ. ನಿನ್ನುನ್ನೇ ಕೇಳ್ತಿದ್ಲು."

ತಾತ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಗೌಡರು ನನ್ನ ಪಕ್ಕ ಹತ್ತಿ ಕೂತು, ಕೆನ್ನೆಯ ಸುಣ್ಣ ಉದುರಿಸುತ್ತಾ, "ನಾಳೀಕೂ ಇದೇ ಗಾಡಿ ತಗಂಡ್ ಬಾರ್ಲಾ" ಎಂದರು.

ಗಾಡಿ ಸ್ಟಾರ್ಟ್ ಮಾಡಿದೆ. ತಾತ ಆತುರದಿಂದ ಕಿಟಕಿಗೆ ಬಂದು, ಹಿಂದಿನ ಟಾರ್ಪಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

"ಲೇ ಮಗ, ಅವ್ಳು ಇನ್ನೊಂದ್ ಸಲ ಕೇಳುದ್ರೆ, ನಾನು ಊರಲ್ಲಿಲ್ಲ ಅಂತ ಯೋಳ್ಬುಡು."