ಸುಣ್ಣದ ಡಬ್ಬಿ ಕೈಗೆ ಹತ್ತಿರ ಇತ್ತು

ಯಾರಾದರೂ ಹೇಳಿದ ಮೇಲೆ ನನಗೆ ಗೊತ್ತಿರದ ಸಂಗತಿ ಈ ಲೋಕದಲ್ಲಿ ಒಂದೂ ಇಲ್ಲ. ಹೇಳುವ ತನಕ ಮಾತ್ರ ಗೊತ್ತಿರುವುದಿಲ್ಲ. ಈ ಚಟದಿಂದ ಮೊನ್ನೆ ಮೊಮ್ಮಗಳ ಕೈಯಲ್ಲಿ ಒಂದು ಸುಳ್ಳು ಬರೆಸಿಬಿಡುತ್ತಿದ್ದೆ.

ಮೊಮ್ಮಗಳು ರೇಣುಕಾ ರಸಾಯನಶಾಸ್ತ್ರ ಓದಿದವಳು. ಕಲಬುರಗಿಯಲ್ಲಿ ಒಬ್ಬ ಪೇಟೆಂಟ್ ವಕೀಲರ ಹತ್ತಿರ ಕೆಲಸ. ಇನ್ನೂ ಕಾಯಂ ಆಗಿಲ್ಲ. ಹೊಸ ವಿಧಾನ ಕಂಡುಹಿಡಿದೆ ಎಂದು ಯಾರೋ ಅರ್ಜಿ ಹಾಕುತ್ತಾರೆ. ಅದು ನಿಜಕ್ಕೂ ಹೊಸದೋ, ಕಸುಬು ಬಲ್ಲ ಯಾರಿಗಾದರೂ ತಾನಾಗಿ ಹೊಳೆಯುವಂಥದ್ದೋ ಎಂದು ಇವಳು ತೂಗಿ ನೋಡಬೇಕು. ಈ ಸಲದ ಅರ್ಜಿ ಬೆಲ್ಲದ್ದು. ಹಾಗಾಗಿ ಕಾಗದ ಹಿಡಿದುಕೊಂಡು ನಮ್ಮೂರು ಕರಜಗಿಗೆ, ನಲವತ್ತು ವರ್ಷ ಬೆಲ್ಲದ ಕಡಾಯಿ ಮುಂದೆ ಕೂತ ನನ್ನ ಹತ್ತಿರ ಬಂದಳು.

“ಕಬ್ಬಿನ ಹಾಲಿಗಿ ಮೊದಲ ಬೆಂಡಿಗಿಡದ ಲೋಳಿ ಹಾಕೂದು, ನೊರಿ ತೆಗಿಯೂದು, ಆಮ್ಯಾಲ ಚೂರು ಸುಣ್ಣದ ತಿಳಿ. ಬೆಲ್ಲ ಬಂಗಾರದಂಗ ಬರ್ತದಂತ, ಆಯಿ.”

“ಇದಕ್ಕೊಂದು ಅರ್ಜಿ ಬ್ಯಾರೆ? ಲೋಳಿ ಗೊತ್ತದ, ಸುಣ್ಣ ಗೊತ್ತದ. ಯಾರ್ ಬೇಕಾದ್ರೂ ಮಾಡ್ತಾರ ಬೇ.”

“ನಮ್ಮ ವಕೀಲರೂ ಹಂಗೇ ಅಂತಾರ. ಈ ಅರ್ಜಿ ಬ್ಯಾಡಂತ ತಕರಾರು ಮಾಡೂ ಪಾರ್ಟಿ ನಮ್ಮದು. ನಿನ್ನ ಮಾತು ಬರದೀನಿ, ಸಹಿ ಮಾಡು.”

ಸಹಿ ಎಂದರೆ ನನಗೆ ಹಿಗ್ಗು. ತಡವರಿಸದೆ ಬರೆಯಲು ಬರುವುದು ನನ್ನ ಹೆಸರೊಂದೇ. ಪೆನ್ನು ಊರುವಷ್ಟರಲ್ಲಿ ಕೇಳಿದಳು, “ನೀನೂ ಹಿಂಗೇ ಮಾಡ್ತಿದ್ದೇನು?”

“ಇಲ್ಲ. ನಂದು ಮೊದಲ ಸುಣ್ಣ, ಆಮ್ಯಾಲ ಲೋಳಿ.”

“ಯಾಕ?”

ಯಾಕೆ? ಕಣ್ಣು ಮುಚ್ಚಿದೆ. ಕಡಾಯಿಯ ಆವಿ ಮೆಲ್ಲಗೆ ಎದ್ದು ಬಂತು. ಗಾಣದ ಮನೆ, ಭೀಮಾ ಹೊಳೆಯ ಕಡೆಯಿಂದ ಬರುವ ಬೆಳಗಿನ ಮಂಜು, ಎಲ್ಲ ಅದರಲ್ಲಿ ಕರಗಿ ಬೆಳ್ಳಗಾದವು. ಆ ಬಿಳುಪಿನೊಳಗೆ ನನ್ನ ಅತ್ತೆ, ಎಂದಿನಂತೆ ಮುಖ ಗಂಟು ಹಾಕಿಕೊಂಡು. ಬೆಂಡೆಯ ದಂಟು ಜಜ್ಜಿ, ನೀರಲ್ಲಿ ಹಿಸುಕಿ ಲೋಳೆ ತೆಗೆಯುವುದು ಹೊತ್ತು ಹಿಡಿಯುವ ಕೆಲಸ. ನಾನು ಜಜ್ಜುತ್ತ ಜಜ್ಜುತ್ತ ತೂಕಡಿಸುತ್ತಿದ್ದೆ. ಆಕೆ ಎಷ್ಟೊತ್ತು ಕಾದಾಳು? ಬಲಗೈ ಪಕ್ಕದ ಡಬ್ಬಿಯಿಂದ ಮೊದಲು ಸುಣ್ಣ ಹಾಕಿಬಿಡುತ್ತಿದ್ದಳು, ಲೋಳೆ ಆಮೇಲೆ. ಆಕೆ ಹೋದಳು, ಆ ಜಾಗಕ್ಕೆ ನಾನು ಬಂದೆ, ಡಬ್ಬಿ ಅಲ್ಲೇ ಇತ್ತು. ನನ್ನ ಶಾಸ್ತ್ರ ಅಷ್ಟೇ.

ಎರಡು ಪಾತೇಲಿಗಳಲ್ಲಿ ಕಬ್ಬಿನ ಹಾಲನ್ನು ಎರಡೂ ಥರ ಕಾಸಿ ನೋಡಿದೆವು. ನನ್ನದು ಎಂದಿನಂತೆ ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ಬಂತು. ಅರ್ಜಿಯವರದು ಎಳೆ ಬಿಸಿಲು. ನೋಡುತ್ತ ನಿಂತಾಗ, ಇದು ನನಗೆ ಮೊದಲೇ ಗೊತ್ತಿತ್ತಲ್ಲ ಎಂದು ಮತ್ತೆ ಅನ್ನಿಸಿತು. ನಾಲಿಗೆ ಕಚ್ಚಿಕೊಂಡೆ.

“ಆ ಕಾಗದ ಹರಿ. ನಲವತ್ತು ವರ್ಷ ಈ ಮುದುಕಿಗಿ ಹೊಳಿಲಿಲ್ಲ ಅಂತ ಬರಿ.”

“ವಕೀಲರು ಸಿಟ್ಟಿಗೇಳ್ತಾರ, ಆಯಿ. ನೌಕರಿ ಹೋದ್ರ?”

“ಸುಳ್ಳು ಬರದು ಕಾಯಂ ಆಗಿ ಏನ್ ಮಾಡ್ತಿ?”

ಬರೆದಳು, ನಾನು ಸಹಿ ಮಾಡಿದೆ. ವಕೀಲರು ಎರಡು ದಿನ ಅವಳ ಜೊತೆ ಮಾತಾಡಲಿಲ್ಲವಂತೆ. ಮೂರನೆಯ ದಿನ, ಈ ತಕರಾರಿನಲ್ಲಿ ಹುರುಳಿಲ್ಲ ಎಂದು ಪಾರ್ಟಿಗೆ ತಾವೇ ಹೇಳಿದರಂತೆ. ಹುಡುಗಿ ಕೆಲಸದಲ್ಲಿದ್ದಾಳೆ. ನನ್ನ ದಡ್ಡತನ ಸಹಿ ಸಮೇತ ವಕೀಲರ ಕಪಾಟಿನಲ್ಲಿ ಭದ್ರವಾಗಿದೆ.

ಗಾಣದ ಮನೆಯ ಸುಣ್ಣದ ಡಬ್ಬಿಯನ್ನು ಈಗ ಆಚೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ಯಾರಾದರೂ ಕೇಳಿದರೆ, ಅದು ಮೊದಲಿನಿಂದಲೂ ಅಲ್ಲೇ ಇತ್ತು ಎನ್ನುತ್ತೇನೆ.