ಅರಿಶಿನ ಹಚ್ಚಿದ ಆರ್‌ಎನ್‌ಎ

ನಮ್ಮ ಮಾಮನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಕೇಳಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ! ಅವರು ಅವ್ವನ ತಮ್ಮ, ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ಊರಿನ ಮಂದಿಯೆಲ್ಲ ಮೆಕ್ಕೆಜೋಳದ ರೇಟು ಮಾತಾಡುತ್ತಿದ್ದರೆ, ಮಾಮ ಚಹಾದಂಗಡಿಯಲ್ಲಿ ನಿಂತು ಆರ್‌ಎನ್‌ಎ ಮಾತಾಡುತ್ತಿದ್ದರು.

"ಜೀನು ಅಂದ್ರ ಅಸಲು. ಅದು ಕಪಾಟು ಬಿಟ್ಟು ಹೊರಗ ಬರಂಗಿಲ್ಲ. ಆರ್‌ಎನ್‌ಎ ಅದರ ಕಾಪಿ. ಆ ಕಾಪಿ ತಲಿಗೆ ಮೀಥೈಲ್ ಅನ್ನೋ ಸಣ್ಣ ಗುರುತು ಅಂಟಿದ್ರ ಜೀವಕೋಶ ಅದನ್ನ ಓದತೈತಿ, ಕಾಯ್ದಿಟ್ಕೋತೈತಿ. ಗುರುತು ಉದುರಿ ಹೋತು ಅಂದ್ರ ಹರದು ಒಗಿತೈತಿ. ಅರಿಷಿಣ ಹಚ್ಚಿದ ಲಗ್ನಪತ್ರಿಕಿ ದೇವರ ಮುಂದ ಇಡ್ತೀವಿ, ಸಾವಿನ ಕಾಗದ ಓದಿ ಅಲ್ಲೇ ಹರಿತೀವಿ. ಎರಡೂ ಕಾಗದಾನ ಅಲ್ಲೇನು?"

"ಹೌದ್ರಿ ಸರ, ಚಾ ಆರಾಕ ಹತ್ತೈತ್ರಿ" ಎನ್ನುತ್ತಿದ್ದ ಅಂಗಡಿಯವ.

ಬಾಯಿಮಾತಿಗೇ ನಿಂತಿದ್ದರೆ ಚೆನ್ನಾಗಿತ್ತು! ಒಮ್ಮೆ ಹುಡುಗರಿಗೆ ತೋರಿಸಲೆಂದು ಟೆಸ್ಟಿನ ಪ್ರಶ್ನೆಪತ್ರಿಕೆಯ ಲಕೋಟೆಗೇ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಕಾಲೇಜಿಗೆ ಕಳಿಸಿದರು. ಟೆಸ್ಟಿನ ದಿನ ಪತ್ರಿಕೆಯೇ ಇಲ್ಲ! ಹುಡುಕಿದರೆ ಅದು ಪ್ರಿನ್ಸಿಪಾಲರ ಮನೆಯ ದೇವರ ಜಗಲಿಯ ಮೇಲೆ, ಹೂವು ಏರಿಸಿಕೊಂಡು ಕುಳಿತಿತ್ತು.

"ಯಾರದೋ ಲಗ್ನಪತ್ರಿಕಿ ಅನ್ಕೊಂಡೆನ್ರಿ" ಎಂದರು ಪ್ರಿನ್ಸಿಪಾಲರು, ಸಿಡುಕಿನಿಂದ.

ಮಾಮ ಕ್ಷಮೆ ಕೇಳಿದರೇ? ಕುಣಿದಾಡಿಬಿಟ್ಟರು! "ನೋಡಿದ್ರಾ ಸರ! ಒಳಗಿನ ಅಕ್ಷರ ಯಾರೂ ನೋಡಲಿಲ್ಲ, ಗುರುತು ನೋಡಿ ಇಟ್ಕೊಂಡ್ರಿ!"

ಈಗ ನನ್ನ ವಿಷಯ. ಅಪ್ಪ ತೀರಿಕೊಂಡ ಮೇಲೆ ನಾನು, ಅವ್ವ ಮಾಮನ ಮನೆಯಲ್ಲೇ ಇದ್ದೆವು. ಅಪ್ಪ ಹೋದರೂ ಅವರ ಸಿಟ್ಟು ಮಾತ್ರ ಊರಿನವರ ಬಾಯಲ್ಲಿ ಇನ್ನೂ ಜೀವಂತವಾಗಿತ್ತು. ಅವರಿದ್ದಾಗ ಸಾರಿಗೆ ಉಪ್ಪು ಕಡಿಮೆಯಾದರೆ ಊಟದ ತಾಟು ಅಂಗಳಕ್ಕೆ ಹಾರುತ್ತಿತ್ತು. ನಾನು ಸ್ವಲ್ಪ ದನಿ ಏರಿಸಿದರೆ ಸಾಕು, "ಥೇಟ್ ಅಪ್ಪನ ಕಾಪಿ" ಎನ್ನುತ್ತಿದ್ದರು. ಆ ಮಾತು ಕೇಳಿ ಇನ್ನಷ್ಟು ಸಿಟ್ಟು ಬರುತ್ತಿತ್ತು, ಏನು ಮಾಡಲಿ! ನೋಡಲು ಬಂದ ವರಗಳೆಲ್ಲ ಪಕ್ಕದ ಮನೆಯಲ್ಲಿ ವಿಚಾರಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ಹೋಗುತ್ತಿದ್ದರು. ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೊನೆಗೆ ಹರಪನಹಳ್ಳಿಯಿಂದ ಒಬ್ಬ ವರ ತಾಯಿಯ ಜೊತೆ ಬಂದ. ಹುಡುಗ ಒಳ್ಳೆಯವನ ಹಾಗೆ ಕಂಡ. ಮಾಮ ಅವರೆದುರು ಆರ್‌ಎನ್‌ಎ ಪುರಾಣ ಬಿಚ್ಚಿದರು! ಮಂಡಕ್ಕಿ ಮುಗಿಯಿತು, ಮಿರ್ಚಿ ಮುಗಿಯಿತು, ಪುರಾಣ ಮುಗಿಯಲಿಲ್ಲ. ಹುಡುಗನ ತಾಯಿಗೆ ತಡೆಯಲಾಗಲಿಲ್ಲ.

"ಸರ, ಅದೆಲ್ಲಾ ನನಗ ತಿಳಿಯಂಗಿಲ್ರಿ. ಹುಡುಗಿಗೆ ಅವರಪ್ಪನ ಸಿಟ್ಟು ಐತೇನ್ರಿ?"

"ಐತ್ರಿ!" ಎಂದುಬಿಟ್ಟರು ಮಾಮ. ಒಳಗೆ ಅವ್ವನ ಕೈಯಿಂದ ಸೌಟು ಬಿತ್ತು. "ಅಸಲು ಅದೇ ಐತ್ರಿ. ಆದ್ರ ಗುರುತು ಬ್ಯಾರೆ. ಆತ ಸಿಟ್ಟು ಬಂದ್ರ ತಾಟು ಒಗಿತಿದ್ದ. ಇಕಿ ಸಿಟ್ಟು ಬಂದ್ರ ತಾಟು ತಿಕ್ಕತಾಳ್ರಿ. ನಮ್ಮ ಮನ್ಯಾಗ ಪಾತ್ರಿ ಹೆಂಗ ಹೊಳಿತಾವ, ನೀವ ನೋಡ್ರಿ!"

ಸಿಟ್ಟಿಗೂ ಮೀಥೈಲಿಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆಯೆಂದು ಯಾವ ವಿಜ್ಞಾನಿಯೂ ಒಪ್ಪಲಿಕ್ಕಿಲ್ಲ. ಆ ತಾಯಿ ಒಪ್ಪಿದರು! ಕೈಯಲ್ಲಿದ್ದ ತಾಟನ್ನು ತಿರುಗಿಸಿ ನೋಡಿ ನಕ್ಕು, "ನಮ್ಮ ಮನ್ಯಾಗ ಪಾತ್ರಿ ಭಾಳ ಅದಾವ್ರಿ" ಎಂದರು.

ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅರಿಶಿನದ ಬಟ್ಟಲು ಹಿಡಿದು ಮಾಮನೇ ಚಾಪೆಯ ಮೇಲೆ ಕೂತರು. ಒಂದೊಂದೇ ಮೂಲೆಗೆ ಹಚ್ಚುತ್ತಿದ್ದಾರೆ, ಬಾಯಲ್ಲಿ ಮಾತಿಲ್ಲ. ನನಗೆ ಗಾಬರಿಯಾಯಿತು.

"ಯಾಕ ಮಾಮ, ಇವತ್ತು ಪಾಠ ಇಲ್ಲೇನು?"

ಮಾಮ ಕೊನೆಯ ಪತ್ರಿಕೆ ಮುಗಿಸಿ, ಬೆರಳಲ್ಲಿ ಉಳಿದ ಅರಿಶಿನವನ್ನು ನನ್ನ ಎರಡೂ ಕೆನ್ನೆಗೆ ಹಚ್ಚಿದರು.

"ಮಂದಿ ಕಾಪಿ ಅಂದ್ರ ಅನ್ಲಿ ಬಿಡವ್ವ. ಈ ಕಾಪಿ ಹರಿಯೋದಲ್ಲ, ಜ್ವಾಕಿಲೆ ಇಟ್ಕೊಳ್ಳೋದು."

ಎಲ್ಲದಕ್ಕೂ ಎದುರುತ್ತರ ಕೊಡುವ ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ. ಮಾಮನ ಕಣ್ಣೂ ತುಂಬಿತ್ತು. ಆದರೂ ಗಡಿಬಿಡಿಯಿಂದ ಹೇಳಿದರು:

"ಅಳಬ್ಯಾಡಲೇ, ಗುರುತು ತೊಳದು ಹೋಗತೈತಿ!"